ಗೋಡೆ ಮೇಲೆ ಕೂತ ಸೊಳ್ಳೆ

ನಾಲ್ಕು ಕೌದಿ ಹೊದಿಸಿದ್ರೂ ನಡುಕ ನಿಲ್ಲದ ಜ್ವರ. ಅದೇ ಮಲೇರಿಯಾ. ಸ್ವಾತಂತ್ರ್ಯ ಬಂದ ಹೊತ್ತಲ್ಲಿ ಈ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನರಿಗೆ ಅದು ಬರ್ತಿತ್ತು. ಸುಮಾರು 8 ಲಕ್ಷ ಜನ ಸಾಯ್ತಿದ್ರು.

ಅದನ್ನು ಮಣಿಸುವ ದಾರಿಯನ್ನು ನಮ್ಮ ಹಳ್ಳಿಗಳಿಗೆ ಮೊದಮೊದಲು ತಂದಿದ್ದು ಎಲ್ಲಿ ಗೊತ್ತಾ? ಯರಗಟ್ಟಿ, ಸವದತ್ತಿಯವರಿಗೆ ನೆರೆಯ ಧಾರವಾಡ ಜಿಲ್ಲೆಯಲ್ಲಿ, ಅದರಾಚೆಯ ಕಾರವಾರ ಸೀಮೆಯಲ್ಲಿ. ಆಗ ಇದೆಲ್ಲ ಮುಂಬೈ ಪ್ರಾಂತ. 1946ರ ಹೊತ್ತಿಗೆ ಡಿ.ಕೆ. ವಿಶ್ವನಾಥನ್, ಟಿ. ರಾಮಚಂದ್ರ ರಾವ್ ಮುಂತಾದ ವಿಜ್ಞಾನಿಗಳ ಯೋಜನೆಯಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಸಿದರು.

ಗೋಡೆಗೇ ಯಾಕೆ? ಇಲ್ಲೇ ಇರೋದು ಗುಟ್ಟು. ರೋಗ ಹರಡೋದು ಹೆಣ್ಣು ಅನಾಫಿಲಿಸ್ ಸೊಳ್ಳೆ. ರೋಗಿಯ ರಕ್ತದ ಜೊತೆ ಪರಾವಲಂಬಿ ಜೀವಿ ಅದರ ಹೊಟ್ಟೆ ಸೇರುತ್ತೆ. ಆದರೆ ಅದು ಬೆಳೆದು, ಇನ್ನೊಬ್ಬರ ಮೈಗೆ ದಾಟುವಂತಾಗಲು ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ರಕ್ತ ಕುಡಿದ ಸೊಳ್ಳೆ ಭಾರವಾಗಿ ಪಕ್ಕದ ಗೋಡೆ ಮೇಲೆ ಕೂರುತ್ತೆ. ಅಲ್ಲಿ ಮದ್ದು ತಾಗಿ ಸತ್ತರೆ? ಆ ಹತ್ತು ದಿನ ಅದಕ್ಕೆ ಸಿಗೋದೇ ಇಲ್ಲ. ಊರಿನ ಪ್ರತಿ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ. ಸೊಳ್ಳೆಗೆ ವಯಸ್ಸಾಗದಂತೆ ನೋಡಿಕೊಂಡರೆ ಸಾಕು.

1953ರಲ್ಲಿ ಇದೇ ವಿಧಾನ ರಾಷ್ಟ್ರೀಯ ಕಾರ್ಯಕ್ರಮವಾಯ್ತು. 1965ಕ್ಕೆ ದೇಶದಲ್ಲಿ ಪ್ರಕರಣ ಸುಮಾರು 1 ಲಕ್ಷಕ್ಕೆ ಇಳಿದವು. ಸರ್ಕಾರಿ ಲೆಕ್ಕದಲ್ಲಿ ಸಾವು ಸೊನ್ನೆ!

ಆಮೇಲೇನಾಯ್ತು? ಗೆದ್ದೆವು ಅಂತ ಮೈಮರೆತೆವು. ಮದ್ದಿನ ಪೂರೈಕೆ ತಪ್ಪಿತು, ಮನೆಮನೆ ತಪಾಸಣೆ ಸಡಿಲವಾಯ್ತು, ಸೊಳ್ಳೆ ಡಿಡಿಟಿಯನ್ನೇ ಅರಗಿಸಿಕೊಂಡಿತು. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣ! ಹನ್ನೊಂದೇ ವರ್ಷದಲ್ಲಿ ಅರವತ್ತು ಪಟ್ಟು.

ಅದೇ ಎಪ್ಪತ್ತರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ಕಾಲುವೆಗೆ ಹರಿದಳು. ಈ ಬರದ ಸೀಮೆಗೆ ನೀರು ಬೇಕೇ ಬೇಕಿತ್ತು. ಆದರೆ ಕಾಲುವೆ ಸೋರಿ ಹೊಲದಂಚಿನ ತಗ್ಗಲ್ಲಿ ನಿಂತ ನೀರು ಅನಾಫಿಲಿಸ್ ಮೊಟ್ಟೆ ಇಡೋ ಜಾಗ. ನೀರು ಬಿಡೋದು ಒಂದು ಇಲಾಖೆ, ಜ್ವರ ನೋಡೋದು ಇನ್ನೊಂದು. ನಡುವಿನ ತಗ್ಗು ಮುಚ್ಚೋದು ಯಾರು?

2030ಕ್ಕೆ ಮಲೇರಿಯಾ ಮುಕ್ತ ಭಾರತ ಅನ್ನೋದು ಈಗಿನ ಗುರಿ. ಪ್ರಕರಣ ಬಹಳ ಕಮ್ಮಿಯಾಗಿರೋದು ನಿಜ. 1965ರಲ್ಲೂ ಕಮ್ಮಿಯಾಗಿತ್ತು ಸ್ವಾಮಿ. ಹಾಗಾಗಿ ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದು, ಜ್ವರ ಇದೆಯಾ ಅಂತ ಕೇಳಿ ಬೆರಳಿಂದ ಒಂದು ಹನಿ ರಕ್ತ ತಗೊಂಡ್ರೆ ಬೇಸರ ಮಾಡ್ಕೋಬೇಡಿ. ಆಕೆ ಬರೋದು ನಿಂತಾಗ ಏನಾಗುತ್ತೆ ಅನ್ನೋದನ್ನ ನಾವು ಒಮ್ಮೆ ನೋಡಿದ್ದೀವಿ.