ಅಧ್ಯಕ್ಷರ ಮರ್ಜಿ ಇರುವವರೆಗೆ

ವಾಲೈ ಎನ್ನುವ ಮೀನಿನ ಹೆಸರನ್ನು ನಮ್ಮ ಕಡೆ ಹೆಚ್ಚು ಜನ ಕೇಳಿರಲಾರರು. ಉತ್ತರ ಅಮೆರಿಕಾದ ತಣ್ಣೀರಿನ ಮೀನು ಅದು. ಬಂಗಾರಕ್ಕೆ ಪಾಚಿಯ ಹಸಿರು ಬೆರೆಸಿದಂಥ ಮೈಬಣ್ಣ, ಬಾಲದ ಕೆಳತುದಿಯಲ್ಲಿ ಒಂದು ಬಿಳಿಯ ಗುರುತು, ಬಾಯಿ ತುಂಬ ಚೂಪು ಹಲ್ಲು. ಎಲ್ಲಕ್ಕಿಂತ ವಿಚಿತ್ರ ಅದರ ಕಣ್ಣು. ನಮ್ಮ ದನ, ಬೆಕ್ಕುಗಳ ಕಣ್ಣಿನ ಹಿಂದೆ ಇರುವಂತೆ ಅದಕ್ಕೂ ಬೆಳಕನ್ನು ಮರಳಿ ಚೆಲ್ಲುವ ಒಂದು ಪದರವಿದೆ. ಕತ್ತಲಲ್ಲಿ ಟಾರ್ಚು ಬಿಟ್ಟರೆ ನೀರಿನೊಳಗೆ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಹಗಲಿನ ಬಿರುಬೆಳಕು ಅದಕ್ಕೆ ಆಗಿಬರುವುದಿಲ್ಲ. ಮುಸ್ಸಂಜೆಯಲ್ಲಿ, ಮೋಡ ಕವಿದಾಗ, ಗಾಳಿಯೆದ್ದು ನೀರು ಕದಡಿದಾಗ ಬೇಟೆಗೆ ಹೊರಡುತ್ತದೆ. ಮಿನೆಸೋಟಾ ರಾಜ್ಯ 1965ರಲ್ಲಿ ಇದನ್ನು ತನ್ನ ರಾಜ್ಯ ಮೀನು ಎಂದು ಸಾರಿತು. ಮೇ ತಿಂಗಳ ಒಂದು ಶನಿವಾರ ಇದರ ಶಿಕಾರಿ ಶುರುವಾಗುವುದು ಅಲ್ಲಿನ ಮಟ್ಟಿಗೆ ಒಂದು ಜಾತ್ರೆಯೇ. ಆ ದಿನ ರಾಜ್ಯದ ಗವರ್ನರು ಪರಿವಾರ ಸಮೇತ ದೋಣಿ ಹತ್ತಿ ಗಾಳ ಹಾಕುವ ಸಂಪ್ರದಾಯ 1948ರಿಂದ ನಡೆದು ಬಂದಿದೆ. ಗವರ್ನರಿಗೆ ಮೀನು ಸಿಕ್ಕಿತೋ ಇಲ್ಲವೋ ಎಂಬುದು ಮರುದಿನದ ಪತ್ರಿಕೆಗೆ ಸುದ್ದಿ.

ಈ ಮೀನಿಗೆ ಹೆಸರಾದ ನೀರೆಂದರೆ ಮಿಲ್ ಲ್ಯಾಕ್ಸ್ ಸರೋವರ. ಸುಮಾರು 1,32,500 ಎಕರೆ ವಿಸ್ತಾರ; ಒಂದು ದಡದಲ್ಲಿ ನಿಂತರೆ ಎದುರು ದಡ ಕಾಣುವುದಿಲ್ಲ. ಅಷ್ಟು ಅಗಲಕ್ಕೆ ಆಳ ಮಾತ್ರ ಏನೇನೂ ಇಲ್ಲ. ಅತ್ಯಂತ ಆಳವಾದ ಕಡೆಯೂ 42 ಅಡಿ. ಫ್ರೆಂಚರು ಆ ಸೀಮೆಯನ್ನೆಲ್ಲ 'ಸಾವಿರ ಸರೋವರ' ಎಂದು ಕರೆದದ್ದು ಕಡೆಗೆ ಈ ಒಂದು ಸರೋವರಕ್ಕೇ ಅಂಟಿಕೊಂಡಿತು. ಅದಕ್ಕೂ ಮೊದಲು ಇದು ಡಕೋಟಾ ಜನರ ಪವಿತ್ರ ನೀರು. 1680ರಲ್ಲಿ ಹೆನ್ನೆಪಿನ್ ಎಂಬ ಪಾದ್ರಿಯನ್ನು ಹಿಡಿದು ತಂದು ಇಟ್ಟುಕೊಂಡದ್ದು ಇದರ ಆಸುಪಾಸಿನಲ್ಲೇ. ಆಮೇಲೆ ಪೂರ್ವದಿಂದ ಬಂದ ಓಜಿಬ್ವೆ ಜನ ಡಕೋಟಾಗಳನ್ನು ಹಿಂದಕ್ಕೆ ಸರಿಸಿ ಇಲ್ಲಿ ನೆಲೆಸಿದರು. ಅವರ ಭಾಷೆಯಲ್ಲಿ ವಾಲೈಗೆ 'ಓಗಾ' ಎಂದು ಹೆಸರು. ಸರ್ಕಾರಿ ಕಾಗದಗಳಲ್ಲಿ ಈ ಜನ 'ಚಿಪ್ಪೆವಾ' ಆಗಿದ್ದಾರೆ.

ನನಗೆ ಈ ಸರೋವರದ ಮೇಲೆ ಆಸಕ್ತಿ ಹುಟ್ಟಿದ್ದು ಒಂದು ಕರಾರುಪತ್ರದಿಂದ. 1837ರ ಜುಲೈ 29ರಂದು, ಮಿನೆಸೋಟಾ ನದಿ ಮಿಸಿಸಿಪ್ಪಿಯನ್ನು ಕೂಡುವ ಜಾಗದ ಹತ್ತಿರ, ವಿಸ್ಕಾನ್ಸಿನ್ ಪ್ರಾಂತದ ಗವರ್ನರ್ ಹೆನ್ರಿ ಡಾಡ್ಜ್ ಮತ್ತು ಓಜಿಬ್ವೆ ಮುಖಂಡರು ಒಂದು ಒಪ್ಪಂದಕ್ಕೆ ಸಹಿ ಮಾಡಿದರು. ಸಹಿ ಎಂದರೆ ಮುಖಂಡರದು ಹೆಸರಿನ ಪಕ್ಕ ಒಂದು ಗುರುತು. ಬಿಳಿಯರಿಗೆ ಬೇಕಾಗಿದ್ದುದು ಪೈನ್ ಮರ. ಮುಖಂಡರಿಗೂ ಇದು ಗೊತ್ತಿತ್ತು. ಮಾಗೆಗಾಬೊ ಎಂಬುವನು, ತಾವು ಬದುಕು ಕಂಡುಕೊಳ್ಳುವ ಮರವನ್ನೂ ನೀರು ಕುಡಿಯುವ ಹೊಳೆಗಳನ್ನೂ ಬಿಟ್ಟುಕೊಡುವುದಿಲ್ಲ ಎಂಬರ್ಥದ ಮಾತಾಡಿದ. ಫ್ಲ್ಯಾಟ್ ಮೌತ್ ಎಂದು ಇಂಗ್ಲಿಷಿನಲ್ಲಿ ಹೆಸರಾದ ಇನ್ನೊಬ್ಬ ಮುಖಂಡ, ಸರೋವರ ಮತ್ತು ಹೊಳೆ ಇಲ್ಲದೆ ನಾವು ಬದುಕಲಾರೆವು ಎಂದು ನೇರವಾಗಿಯೇ ಹೇಳಿದ. ಈ ಮಾತುಗಳನ್ನೆಲ್ಲ ಸರ್ಕಾರದ ಕಡೆಯ ಗುಮಾಸ್ತನೇ ಬರೆದಿಟ್ಟ. ನೂರ ಅರವತ್ತು ವರ್ಷಗಳ ಮೇಲೆ ಆ ಬರವಣಿಗೆ ಯಾವ ಕೆಲಸಕ್ಕೆ ಬರುತ್ತದೆಂದು ಆತ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ನೆಲಕ್ಕೆ ಕೊಟ್ಟ ಬೆಲೆಯನ್ನು ನೋಡಬೇಕು. ಇಪ್ಪತ್ತು ವರ್ಷಗಳ ಕಾಲ, ವರ್ಷಕ್ಕೆ 9,500 ಡಾಲರು ನಗದು, 19,000 ಡಾಲರಿನ ಸಾಮಾನು, ಕಮ್ಮಾರರಿಗೆ 3,000, ಬೇಸಾಯ ಕಲಿಸಲು 1,000, ದಿನಸಿಗೆ 2,000, ಹೊಗೆಸೊಪ್ಪಿಗೆ 500. ಇವರ ಮೇಲೆ ಸಾಲ ಬರೆದುಕೊಂಡಿದ್ದ ವ್ಯಾಪಾರಿಗಳಿಗೆ ಮಾತ್ರ 70,000 ಡಾಲರು. ಪಟ್ಟಿಯ ಕೊನೆಗೆ ಬರುವ ಐದನೆಯ ಕಲಮು, ಬಿಟ್ಟುಕೊಟ್ಟ ನೆಲದಲ್ಲಿಯೂ ಅಲ್ಲಿನ ಹೊಳೆ ಸರೋವರಗಳಲ್ಲಿಯೂ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೂಡಿಸುವ ಸವಲತ್ತನ್ನು ಈ ಜನರಿಗೆ ಖಾತ್ರಿ ಮಾಡುತ್ತದೆ. ಎಲ್ಲಿಯವರೆಗೆ? ಅಮೆರಿಕಾದ ಅಧ್ಯಕ್ಷರ ಮರ್ಜಿ ಇರುವವರೆಗೆ.

'ಮರ್ಜಿ' ಎಂಬ ಈ ಪದದ ಮೇಲೆ ಎಷ್ಟು ಶಾಯಿ ಖರ್ಚಾಗಿದೆಯೋ ಲೆಕ್ಕವಿಲ್ಲ. ಡಾಡ್ಜ್ ಇಂಗ್ಲಿಷಿನಲ್ಲಿ ಹೇಳಿದ. ದುಭಾಷಿಗಳು ಅದನ್ನು ಓಜಿಬ್ವೆಯಲ್ಲಿ ಏನೆಂದು ಹೇಳಿದರು ಎಂಬುದು ಕಾಗದದಲ್ಲಿ ಇಲ್ಲ. ಕೋರ್ಟಿನ ಮುಂದೆ ಸಾಕ್ಷಿ ಹೇಳಿದ ಇತಿಹಾಸಕಾರರ ಪ್ರಕಾರ, ತಾವು ಗಲಾಟೆ ದಂಗೆ ಮಾಡದೆ ಇದ್ದರೆ ನೀರು ತಮ್ಮ ಕೈಯಲ್ಲಿಯೇ ಇರುತ್ತದೆ ಎಂದು ಮುಖಂಡರು ತಿಳಿದುಕೊಂಡಿದ್ದರು. ಇನಾಂ ಜಮೀನಿನ ಸನದುಗಳ ನೆನಪಿರುವ ನಮ್ಮವರಿಗೆ ಇದು ಹೊಸದಲ್ಲ. ದೊರೆಯ ಮರ್ಜಿ ಎಂಬ ಮಾತು ಕೊಡುವವನ ಕಿವಿಗೆ ಒಂದು ರೀತಿ ಕೇಳಿಸುತ್ತದೆ, ಪಡೆಯುವವನ ಕಿವಿಗೆ ಇನ್ನೊಂದು ರೀತಿ.

ಮರ್ಜಿ ಹದಿಮೂರು ವರ್ಷಕ್ಕೆ ಮುಗಿಯಿತು. 1850ರ ಫೆಬ್ರವರಿಯಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಆ ಸವಲತ್ತನ್ನು ರದ್ದುಮಾಡಿ, ಓಜಿಬ್ವೆಗಳು ಆ ಸೀಮೆಯನ್ನು ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದ. ಜನ ಏಳಲಿಲ್ಲ. ಅವರನ್ನು ಎಬ್ಬಿಸಲು ಮಿನೆಸೋಟಾ ಪ್ರಾಂತದ ಗವರ್ನರ್ ಅಲೆಕ್ಸಾಂಡರ್ ರ‍್ಯಾಮ್ಸೆ ಮತ್ತು ಅವನ ಅಧಿಕಾರಿಗಳು ಒಂದು ಉಪಾಯ ಹೂಡಿದರು. ವಿಸ್ಕಾನ್ಸಿನ್ ಕಡೆಯ ಜನರಿಗೆ ಲಾ ಪಾಯಿಂಟ್‌ನಲ್ಲಿ ಹಂಚುತ್ತಿದ್ದ ವಾರ್ಷಿಕ ಹಣವನ್ನು ದೂರದ ಸ್ಯಾಂಡಿ ಲೇಕ್‌ನಲ್ಲಿ ಕೊಡುವುದಾಗಿ ಹೇಳಿದರು. ಚಳಿಗಾಲದ ಬಾಯಿಗೆ ಅಷ್ಟು ದೂರ ಬಂದವರು ಹಿಂದಿರುಗಲಾರದೆ ಅಲ್ಲಿಯೇ ಉಳಿಯುತ್ತಾರೆಂಬ ಲೆಕ್ಕ. ಸಾವಿರಾರು ಜನ ಹೆಂಗಸರು ಮಕ್ಕಳೊಂದಿಗೆ ಬಂದು ಕಾದರು. ಹಣ ಬರಲಿಲ್ಲ, ಕೊಟ್ಟ ದಿನಸಿ ಕೊಳೆತಿತ್ತು. ಆಮಶಂಕೆ ಮತ್ತು ದಡಾರ ಎದ್ದವು. ಡಿಸೆಂಬರಿನಲ್ಲಿ ಅರೆಬರೆ ಸಾಮಾನು ಕೈಗೆ ಬಂದಾಗ ನೀರೆಲ್ಲ ಹೆಪ್ಪುಗಟ್ಟಿತ್ತು. ದೋಣಿಗಳನ್ನು ಅಲ್ಲೇ ಬಿಟ್ಟು ಹಿಮದಲ್ಲಿ ನಡೆದು ಹೊರಟರು. ಅಲ್ಲಿಯೂ ಹಾದಿಯಲ್ಲಿಯೂ ಸೇರಿ ಸತ್ತವರು ಸುಮಾರು 400 ಮಂದಿ. ಮೀನಿನ ಶಿಕಾರಿಯ ಬಗ್ಗೆ ಹೊರಬರುವ ಬಣ್ಣಬಣ್ಣದ ಪುಸ್ತಕಗಳಲ್ಲಿ ಈ ಚಳಿಗಾಲದ ಮಾತು ನನ್ನ ಕಣ್ಣಿಗೆ ಬಿದ್ದಿಲ್ಲ.

1855ರಲ್ಲಿ ಇನ್ನೊಂದು ಒಪ್ಪಂದವಾಗಿ, ಮಿಲ್ ಲ್ಯಾಕ್ಸ್ ಓಜಿಬ್ವೆಗಳಿಗೆ ಸರೋವರದ ದಕ್ಷಿಣಕ್ಕೆ ಸುಮಾರು 61,000 ಎಕರೆ ಮೀಸಲು ಸಿಕ್ಕಿತು. 1858ರಲ್ಲಿ ಮಿನೆಸೋಟಾ ರಾಜ್ಯವಾಯಿತು. ಮೀಸಲು ನೆಲವೂ ಚೂರುಚೂರಾಗಿ ಕೈಬಿಟ್ಟಿತು. ದಡದ ತುಂಬ ಬಿಳಿಯರ ಬೇಸಿಗೆ ಮನೆಗಳು, ರೆಸಾರ್ಟುಗಳು ಎದ್ದವು. ಓಜಿಬ್ವೆಗಳು ಬಲೆ ಬಿಟ್ಟರೆ ರಾಜ್ಯದ ಕಾವಲುಗಾರರು ಹಿಡಿದು ಮೊಕದ್ದಮೆ ಹಾಕುವ ಕಾಲ ಬಂತು.

2018ರ ಜೂನಿನಲ್ಲಿ ನಾನು ಆ ನೀರಿನ ಮೇಲೆ ಅರ್ಧ ದಿನ ಕಳೆದೆ. ಮಿನಿಯಾಪೊಲಿಸ್‌ನಲ್ಲಿರುವ ತಂಗಿಯ ಮಗ ಕರೆದುಕೊಂಡು ಹೋಗಿದ್ದ. ಅಲ್ಲಿಂದ ಉತ್ತರಕ್ಕೆ ಸುಮಾರು 100 ಮೈಲಿ. ಹತ್ತಿಪ್ಪತ್ತು ಜನ ಸಾಲಾಗಿ ಕೂತು ಗಾಳ ಬಿಡುವ ಚಪ್ಪಟೆ ದೋಣಿಗಳಿವೆ. ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಎನ್ನುತ್ತಿದ್ದೆವಲ್ಲ, ಅಲ್ಲಿಯೂ ಅದೇ ಹೆಸರು. ಗಾಳಕ್ಕೆ ಸಿಕ್ಕಿಸಲು ಕೊಟ್ಟದ್ದು ಜಿಗಣೆ. ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು! ಉಂಬಳಕ್ಕೆ ಹೆದರಿ ಕಾಲಿಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡು ತೋಟಕ್ಕೆ ಇಳಿಯುತ್ತಿದ್ದ ನಮ್ಮ ಹಿರಿಯರು ಕೇಳಿದ್ದರೆ ನಗುತ್ತಿದ್ದರು. ಈ ಜಿಗಣೆ ರಕ್ತ ಹೀರುವ ಜಾತಿಯದಲ್ಲ ಎಂದು ಹೇಳಿದರೂ ನನ್ನ ಕೈ ಡಬ್ಬಿಯೊಳಗೆ ಹೋಗಲು ಹೊತ್ತು ಹಿಡಿಯಿತು. ಬೆಂಡಿನ ಕೆಳಗೆ ದಾರವನ್ನು ನೀರಿನ ಆಳಕ್ಕೆ ಸರಿಯಾಗಿ ಹೊಂದಿಸಿ, ಜಿಗಣೆ ತಳಕ್ಕಿಂತ ಒಂದಡಿ ಮೇಲೆ ತೇಲುವಂತೆ ಬಿಡುತ್ತಾರೆ. ಸರೋವರದ ನಡುವೆ ಮಣ್ಣಿನ ದಿಬ್ಬಗಳು ನೀರಿನೊಳಗೇ ಎದ್ದು ನಿಂತಿವೆ. ಅವುಗಳ ಅಂಚಿನಲ್ಲಿ ಮೀನು. ಜೂನಿನಲ್ಲಿ ಆ ಕೆಸರಿನಿಂದ ಒಂದು ದಿನದ ಆಯುಷ್ಯದ ಹಾರುಹುಳುಗಳು ಮೋಡದಂತೆ ಏಳುತ್ತವೆ. ಅವು ಎದ್ದ ವಾರ ವಾಲೈ ಹೊಟ್ಟೆ ತುಂಬಿಸಿಕೊಂಡು ಗಾಳದ ಕಡೆ ತಿರುಗಿಯೂ ನೋಡುವುದಿಲ್ಲವಂತೆ.

"ಮಾವ, ಒಂದು ವಿಷಯ. ಹಿಡಿದದ್ದನ್ನೆಲ್ಲ ವಾಪಸು ಬಿಡಬೇಕು" ಎಂದ ತಂಗಿಯ ಮಗ.

"ಒಂದೂ ಇಟ್ಟುಕೊಳ್ಳುವ ಹಾಗಿಲ್ಲವೊ?"

"ಒಂದೂ ಇಲ್ಲ."

ಆ ವರ್ಷದ ಕಾನೂನು ಹಾಗಿತ್ತು. ನಾನು ಒಂದು ಹಿಡಿದೆ. ಹದಿನೆಂಟು ಇಂಚಿನದು. ಅಳೆದು, ಗಾಳ ಬಿಡಿಸಿ, ನೀರಿಗೆ ಬಿಟ್ಟೆವು. ಪಕ್ಕದವರು ಬಿಟ್ಟ ಇನ್ನೊಂದು ಈಜಲಿಲ್ಲ. ಹೊಟ್ಟೆ ಮೇಲಾಗಿ ತೇಲುತ್ತ ಹೋಯಿತು. ಅದನ್ನೂ ಎತ್ತಿಕೊಳ್ಳುವಂತಿಲ್ಲ, ಹಕ್ಕಿಗಳ ಪಾಲು. ಹೀಗೆ ಬಿಟ್ಟ ಮೇಲೆ ಸಾಯುವ ಮೀನುಗಳನ್ನು ಅಂದಾಜು ಮಾಡಿ ಗಾಳದವರ ಪಾಲಿನಲ್ಲಿ ಕಳೆಯುತ್ತಾರೆ. ನೀರು ಬೆಚ್ಚಗಾದಷ್ಟೂ ಸಾಯುವುದು ಹೆಚ್ಚು.

ಲಾಂಚ್ ನಡೆಸುತ್ತಿದ್ದ ಮುದುಕನಿಗೆ ಇದಕ್ಕೆಲ್ಲ ಕಾರಣ ಒಂದೇ: ಓಜಿಬ್ವೆಗಳ ಬಲೆ. "ಮೊಟ್ಟೆಯಿಡಲು ಬಂದ ಮೀನಿಗೆ ಬಲೆ ಹಾಕುತ್ತಾರೆ. ಯಾವ ಊರಿನ ನ್ಯಾಯ?" ಎಂದ. ಹೊಸ ಮಳೆಗೆ ಗದ್ದೆಗೆ ಏರಿ ಬರುವ ಹತ್ತುಮೀನನ್ನು ರಾತ್ರಿ ಕತ್ತಿ ಹಿಡಿದು ಕಡಿಯುವುದನ್ನು ನೋಡಿ ಬೆಳೆದ ನನಗೆ ಅವನ ಸಿಟ್ಟು ಪೂರ್ತಿ ಹತ್ತಲಿಲ್ಲ, ಪೂರ್ತಿ ಅಲ್ಲಗಳೆಯಲೂ ಆಗಲಿಲ್ಲ. 1837ರ ಒಪ್ಪಂದದ ಮಾತೆತ್ತಿದೆ. "ಆಗ ನಾನು ಹುಟ್ಟಿರಲಿಲ್ಲ" ಎಂದು ನಕ್ಕ. ಒಳ್ಳೆಯ ಮನುಷ್ಯ, ನನ್ನ ದಾರ ಸಿಕ್ಕಾದಾಗಲೆಲ್ಲ ತಾಳ್ಮೆಯಿಂದ ಬಿಡಿಸಿಕೊಟ್ಟ. ಆದರೆ ಆ ಸೀಮೆಯಲ್ಲಿ ಯಾವ ರೆಸಾರ್ಟಿನವನ ಜಮೀನಿನ ಹಕ್ಕುಪತ್ರವನ್ನಾದರೂ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋದರೆ ಬಂದು ಮುಟ್ಟುವುದು ಅದೇ ಒಪ್ಪಂದಕ್ಕೆ. ಮೊದಲ ಕಲಮು ಸದಾಕಾಲಕ್ಕೆ, ಐದನೆಯ ಕಲಮು ಮಾತ್ರ ಹಳೆಯ ಕಾಗದ ಎನ್ನಲು ಹೇಗೆ ಬರುತ್ತದೆ?

ಮಿಲ್ ಲ್ಯಾಕ್ಸ್ ಓಜಿಬ್ವೆಗಳು ಕೋರ್ಟಿಗೆ ಹೋದದ್ದು 1990ರ ಆಗಸ್ಟಿನಲ್ಲಿ. ಆಗ ಅವರ ಮುಖ್ಯಸ್ಥನಾಗಿದ್ದ ಆರ್ಥರ್ ಗಾಬೊ ಮರುವರ್ಷ ತೀರಿಕೊಂಡ. ದಾವೆ ಮಾರ್ಜ್ ಆ್ಯಂಡರ್ಸನ್ ಎಂಬ ಹೆಂಗಸಿನ ಹೆಗಲಿಗೆ ಬಂತು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಇಂಥದೇ ಹಕ್ಕನ್ನು 1983ರಲ್ಲಿ ಕೋರ್ಟು ಎತ್ತಿಹಿಡಿದ ಮೇಲೆ, ದೋಣಿ ಇಳಿಸುವ ಕಟ್ಟೆಗಳ ಮೇಲೆ ವರ್ಷವರ್ಷವೂ ಗುಂಪು ಸೇರಿ ಓಜಿಬ್ವೆಗಳ ಮೇಲೆ ಕಲ್ಲು ತೂರಿ, ಹೊಲಸು ಬೈಗುಳ ಕೂಗಿದ್ದು ಎಲ್ಲರಿಗೂ ನೆನಪಿತ್ತು. ಅದಕ್ಕೇ ಗವರ್ನರ್ ಆರ್ನಿ ಕಾರ್ಲ್ಸನ್ ಕಾಲದಲ್ಲಿ ಮಿನೆಸೋಟಾ ರಾಜಿಗೆ ಕೂತಿತು. ಸರೋವರದ ಒಂದು ಸಣ್ಣ ಭಾಗ ಓಜಿಬ್ವೆಗಳಿಗೇ, ಜೊತೆಗೆ ಒಂದಿಷ್ಟು ಹಣ, ಒಂದಿಷ್ಟು ಸರ್ಕಾರಿ ನೆಲ; ಉಳಿದ ವಾದವನ್ನು ಅವರು ಕೈಬಿಡಬೇಕು. ಫುಟ್‌ಬಾಲ್ ಕೋಚ್ ಆಗಿ ಇಡೀ ರಾಜ್ಯದ ಕಣ್ಮಣಿಯಾಗಿದ್ದ ಬಡ್ ಗ್ರಾಂಟ್ ಇದಕ್ಕೆ ವಿರೋಧದ ಮುಂದಾಳಾದ. 1993ರಲ್ಲಿ ಶಾಸನಸಭೆ ರಾಜಿಯನ್ನು ತಳ್ಳಿಹಾಕಿತು.

ಆಮೇಲೆ ನಡೆದದ್ದು ಬರೀ ಕೋರ್ಟಿನ ಮೆಟ್ಟಿಲು. 1994ರಲ್ಲಿ ಜಿಲ್ಲಾ ಕೋರ್ಟು, 1997ರಲ್ಲಿ ಮೇಲ್ಮನವಿ ಕೋರ್ಟು, ಕಡೆಗೆ 1999ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು. ಐದಕ್ಕೆ ನಾಲ್ಕು. ತೀರ್ಪು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್. ಜಾಗ ಖಾಲಿ ಮಾಡಿಸುವ ಅಧಿಕಾರವನ್ನು ಯಾವ ಕಾನೂನೂ ಟೇಲರನಿಗೆ ಕೊಟ್ಟಿರಲಿಲ್ಲ. ಸವಲತ್ತಿನ ರದ್ದತಿ ಆ ಆಜ್ಞೆಯೊಂದಿಗೇ ಹೆಣೆದುಕೊಂಡದ್ದರಿಂದ ಅದೂ ಬಿದ್ದುಹೋಯಿತು. 1855ರ ಒಪ್ಪಂದದಲ್ಲಿ ಮೀನಿನ ಮಾತೇ ಇಲ್ಲ, ಇಲ್ಲದ ಮಾತಿನಿಂದ ಹಕ್ಕು ಹೋಗುವುದಿಲ್ಲ. ರಾಜ್ಯ ಹುಟ್ಟಿದ ಮಾತ್ರಕ್ಕೂ ಹೋಗುವುದಿಲ್ಲ. 1837ರ ಗುಮಾಸ್ತ ಬರೆದಿಟ್ಟ ಮಾತುಗಳೂ ಈ ತೀರ್ಪಿನೊಳಗೆ ಬಂದು ಕೂತವು. ಮರ್ಜಿ ಎಂಬ ಪದ ಮಾತ್ರ ಇದ್ದಲ್ಲೇ ಇದೆ. ಮುಂದೊಬ್ಬ ಅಧ್ಯಕ್ಷ ಸರಿಯಾದ ದಾರಿಯಲ್ಲಿ ಅದನ್ನು ಬಳಸಿದರೆ ಏನು ಎಂಬ ಪ್ರಶ್ನೆಯನ್ನು ಕೋರ್ಟು ಮುಟ್ಟಲು ಹೋಗಲಿಲ್ಲ.

ಹಕ್ಕು ಸಿಕ್ಕಿತು. ಮೀನು ಕಡಿಮೆಯಾಗುತ್ತ ಬಂತು. ಎರಡೂ ಕಡೆಯವರು ಸೇರಿ ಹಿಡಿಯಬಹುದಾದ ಒಟ್ಟು ತೂಕ 2013ರಲ್ಲಿ 2,50,000 ಪೌಂಡು, ಮರುವರ್ಷ 60,000, ಅದರ ಮರುವರ್ಷ 40,000. ಆ 40,000ದಲ್ಲಿ ಗಾಳದವರ ಪಾಲು 28,600. ಅದು ಬೇಸಿಗೆ ಮುಗಿಯುವ ಮೊದಲೇ ತೀರಿಹೋಗಿ, 2015ರ ಆಗಸ್ಟ್ 3ರಂದು ಶಿಕಾರಿ ನಿಲ್ಲಿಸಿದರು. ರೆಸಾರ್ಟಿನವರು ಕಂಗಾಲಾದರು. ಬಲೆಯೇ ಕಾರಣ ಎಂದವರೇ ಬಹಳ. ಆದರೆ ತಜ್ಞರು ಕೂತು ನೋಡಿದಾಗ ಮೊಟ್ಟೆಗೂ ಮರಿಗೂ ಕೊರತೆಯಿರಲಿಲ್ಲ. ಮರಿಗಳು ಎರಡನೆಯ ಶರತ್ಕಾಲದವರೆಗೆ ಬದುಕುತ್ತಿರಲಿಲ್ಲ. ದಡದ ಮನೆಗಳ ಕೊಳಕು ನೀರು ಸರೋವರಕ್ಕೆ ಸೇರುವುದನ್ನು ತಡೆದದ್ದರಿಂದ 1980ರ ದಶಕದಿಂದಲೇ ನೀರು ತಿಳಿಯಾಗತೊಡಗಿತ್ತು. 2005ರಲ್ಲಿ ಜೀಬ್ರಾ ಚಿಪ್ಪು ಕಾಣಿಸಿಕೊಂಡಿತು. ಯೂರೋಪಿನ ಕಡೆಯಿಂದ ಹಡಗುಗಳಲ್ಲಿ ಅಮೆರಿಕಾಕ್ಕೆ ಬಂದು ಹಬ್ಬಿದ ಈ ಬೆರಳುಗುರಿನಷ್ಟು ಪ್ರಾಣಿ ನೀರನ್ನು ಸೋಸಿ ಇನ್ನೂ ತಿಳಿಯಾಗಿಸಿತು. ತಿಳಿನೀರು ನಮಗೆ ಚೆಂದ. ಮಬ್ಬಿನಲ್ಲಿ ಬದುಕುವ ಕಣ್ಣಿನ ಮೀನಿಗೆ ಅದೇ ಕಷ್ಟ. ತಿಳಿನೀರಲ್ಲಿ ಹೆಚ್ಚುವ ಬಾಸ್ ಎಂಬ ಮೀನು ಮಾತ್ರ ಸೊಂಪಾಗಿ ಬೆಳೆದು, ಅದರ ಶಿಕಾರಿಗೆಂದೇ ಜನ ದೂರದಿಂದ ಬರತೊಡಗಿದರು. ಲಾಂಚಿನ ಮುದುಕ ಬಾಸ್ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ.

2013ರಲ್ಲಿ ಹುಟ್ಟಿದ ಮರಿಗಳು ಹೇಗೋ ಬದುಕಿಕೊಂಡವು. ನಾವು ಬಿಟ್ಟ ಹದಿನೆಂಟು ಇಂಚಿನ ಮೀನು ಬಹುಶಃ ಆ ಪೀಳಿಗೆಯದು. ಹಿಡಿದು ಬಿಡುವ ಕಾನೂನು ಬಂದದ್ದೂ ಮುಖ್ಯವಾಗಿ ಅವುಗಳನ್ನು ಉಳಿಸಿಕೊಳ್ಳಲಿಕ್ಕೇ. 2019ರ ಮೇ ತಿಂಗಳಲ್ಲಿ ತಲೆಗೊಂದು ಮೀನು ಮನೆಗೊಯ್ಯಲು ಬಿಟ್ಟರು, 21ರಿಂದ 23 ಇಂಚಿನೊಳಗೆ ಇದ್ದರೆ. ಎಷ್ಟು ಪೌಂಡು ಹಿಡಿಯಬಹುದೆಂದು ವರ್ಷವರ್ಷ ಚಳಿಗಾಲದಲ್ಲಿ ಲೆಕ್ಕ ಹಾಕುವಾಗ ಮೇಜಿನ ಒಂದು ಕಡೆ ರಾಜ್ಯದ ಮೀನು ತಜ್ಞರು, ಇನ್ನೊಂದು ಕಡೆ ಒಪ್ಪಂದದ ಎಂಟು ಓಜಿಬ್ವೆ ಪಂಗಡಗಳ ತಜ್ಞರು ಕೂರುತ್ತಾರೆ. ಏಪ್ರಿಲ್ ಕೊನೆಗೆ ಮಂಜುಗಡ್ಡೆ ಒಡೆದ ಕೂಡಲೇ ಓಜಿಬ್ವೆಗಳ ಬಲೆ ನೀರಿಗಿಳಿಯುತ್ತದೆ. ಬೆಳಿಗ್ಗೆ ಬಲೆ ಎತ್ತಿ ದಡಕ್ಕೆ ತಂದಾಗ, ಮೀನು ಎಣಿಸಿ ತೂಗಿ ಬರೆದುಕೊಳ್ಳುವ ಗುಮಾಸ್ತ ಅಲ್ಲಿ ಪುಸ್ತಕ ಹಿಡಿದು ನಿಂತಿರುತ್ತಾನೆ.