ಕೌಟುಂಬಿಕ ದೌರ್ಜನ್ಯದ ಆಶ್ರಯ ಸೇವೆಗಳು: ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರು (ಭಾರತ)

ಮನೆಯೊಳಗಿನ ಹಿಂಸೆ ತಾಳಲಾರದೆ ಹೊರಬಂದ ಸಲಿಂಗಪ್ರೇಮಿ, ಉಭಯಲಿಂಗಪ್ರೇಮಿ, ಟ್ರಾನ್ಸ್‌ಜೆಂಡರ್ ಮತ್ತು ಅಂತರ್‌ಲಿಂಗಿ ವ್ಯಕ್ತಿಗಳಿಗೆ ತಂಗಲು ಜಾಗ, ಆಪ್ತಸಮಾಲೋಚನೆ, ವೈದ್ಯಕೀಯ ಹಾಗೂ ಕಾನೂನು ನೆರವು ಕೊಡುವ ಸೇವೆಗಳು ಭಾರತದಲ್ಲಿ ಎರಡು ದಾರಿಯಲ್ಲಿ ಬೆಳೆದಿವೆ. ಒಂದು, ಗಂಡ ಮತ್ತು ಗಂಡನ ಮನೆಯವರ ದೌರ್ಜನ್ಯವನ್ನು ಎದುರಿಗಿಟ್ಟುಕೊಂಡು, ಮಹಿಳಾ ಚಳವಳಿಯ ಒತ್ತಾಯದಿಂದ ಸರ್ಕಾರ ಕಟ್ಟಿದ ಜಾಲ: ಸಾಂತ್ವನ ಕೇಂದ್ರ, ಸಖಿ ಒನ್ ಸ್ಟಾಪ್ ಸೆಂಟರ್, ಸ್ವಾಧಾರ ಗೃಹ, 181 ಸಹಾಯವಾಣಿ. ಇನ್ನೊಂದು, 1990ರ ದಶಕದಿಂದ ಸಮುದಾಯದ ಗುಂಪುಗಳು ತಮ್ಮ ಶಕ್ತ್ಯಾನುಸಾರ ನಡೆಸಿಕೊಂಡು ಬಂದ ತುರ್ತು ನೆರವು. ಮೊದಲನೆಯದಕ್ಕೆ ಕಟ್ಟಡ, ಅನುದಾನ, ಕಾನೂನಿನ ಬಲ ಇದೆ. ಎರಡನೆಯದಕ್ಕೆ ಯಾರನ್ನು ಯಾರಿಂದ ಕಾಪಾಡಬೇಕೆಂಬ ಅರಿವಿದೆ. ಇವೆರಡೂ ಇನ್ನೂ ಪೂರ್ತಿಯಾಗಿ ಕೂಡಿಲ್ಲ.

ಮಹಿಳಾ ಸೇವೆಗಳಲ್ಲಿ ಗಂಡನ ಮನೆಯಿಂದ ಬಂದವಳನ್ನು ತವರಿಗೆ ಸೇರಿಸುವುದು, ಸಾಧ್ಯವಾದರೆ ರಾಜಿ ಮಾಡಿಸಿ ಕಳಿಸುವುದು, ಬಹುಕಾಲದ ರೂಢಿ. ಈ ಲೇಖನ ಹೇಳುವ ಸಮುದಾಯದವರಲ್ಲಿ ಬಹಳ ಮಂದಿ ಓಡಿಬಂದಿರುವುದೇ ತವರಿನಿಂದ. ಹಾಗಾಗಿ ಒಂದು ಕೇಂದ್ರ ಇವರಿಗೆ ಸುರಕ್ಷಿತವೇ ಎಂದು ತಿಳಿಯಲು ಗೋಡೆಯ ಮೇಲಿನ ಕಾಮನಬಿಲ್ಲಿನ ಚಿತ್ರವನ್ನಾಗಲಿ ಸಿಬ್ಬಂದಿಯ ಸವಿಮಾತನ್ನಾಗಲಿ ನೋಡಿದರೆ ಸಾಲದು. ಬಂದವರ ಸುದ್ದಿ ಅವರು ಬೇಡವೆಂದರೂ ಮನೆಯವರಿಗೆ ಮುಟ್ಟುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಹಿಂಸೆಯ ಸ್ವರೂಪ

ಫೋನು ಕಿತ್ತುಕೊಳ್ಳುವುದು, ಕೋಣೆಯಲ್ಲಿ ಕೂಡಿಹಾಕುವುದು, ಕಾಲೇಜು ಬಿಡಿಸುವುದು, ಅವಸರದಲ್ಲಿ ಗಂಡು ಗೊತ್ತುಮಾಡುವುದು, 'ಸರಿ ಮಾಡಿಸಲು' ಮಂತ್ರವಾದಿಯ ಬಳಿಗೋ ಮನೋವೈದ್ಯರ ಬಳಿಗೋ ಎಳೆದೊಯ್ಯುವುದು ಪದೇ ಪದೇ ದಾಖಲಾಗಿರುವ ರೂಪಗಳು. ಕರ್ನಾಟಕದ ಮಟ್ಟಿಗೆ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ 2001 ಮತ್ತು 2003ರಲ್ಲಿ ತಂದ ಎರಡು ವರದಿಗಳು ಪೊಲೀಸರ ದೌರ್ಜನ್ಯದ ಜೊತೆಗೆ ಮನೆಯವರ ದೌರ್ಜನ್ಯವನ್ನೂ ಬರಹಕ್ಕಿಳಿಸಿದ ಮೊದಲ ದಾಖಲೆಗಳ ಸಾಲಿಗೆ ಸೇರುತ್ತವೆ. 2023ರಲ್ಲಿ ಸಲಿಂಗ ವಿವಾಹದ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದಿದ್ದಾಗ, ಪಿಯುಸಿಎಲ್ ಮತ್ತು ಸಮುದಾಯದ ಒಂದು ರಾಷ್ಟ್ರೀಯ ಜಾಲ ಸೇರಿ ಮುಚ್ಚಿದ ಬಾಗಿಲ ಜನತಾ ವಿಚಾರಣೆ ನಡೆಸಿ 'ಅಪ್ನೋಂ ಕಾ ಬಹುತ್ ಲಗ್ತಾ ಹೈ' (ನಮ್ಮವರು ಕೊಟ್ಟ ಪೆಟ್ಟೇ ಹೆಚ್ಚು ನೋಯುತ್ತದೆ) ಎಂಬ ವರದಿ ಹೊರತಂದವು. ದೇಶವೆಲ್ಲ ಮದುವೆಯ ಹಕ್ಕಿನ ಬಗ್ಗೆ ಮಾತಾಡುತ್ತಿದ್ದ ಹೊತ್ತಿನಲ್ಲಿ, ಹುಟ್ಟಿದ ಮನೆಯಿಂದ ಜೀವಸಹಿತ ಹೊರಬರುವ ಪ್ರಶ್ನೆ ಅದಕ್ಕೂ ಮೊದಲಿನದು ಎಂದು ತೋರಿಸಿದ್ದು ಈ ವರದಿಯ ಮಹತ್ವ.

ಸಂಗಾತಿಯಿಂದಾಗುವ ಹಿಂಸೆಯ ಬಗ್ಗೆ ಭಾರತದ ಅಂಕಿಅಂಶ ತೀರಾ ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಕರ್ನಾಟಕದ 18ರಿಂದ 49ರ ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಲೈಂಗಿಕ ಒಲವಿನ ಪ್ರಶ್ನೆಯನ್ನು ಆ ಸಮೀಕ್ಷೆ ಕೇಳುವುದೇ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2010ರ ಸಮೀಕ್ಷೆ ಕೇಳಿತ್ತು: ಸಂಗಾತಿಯಿಂದ ಅತ್ಯಾಚಾರ, ಹೊಡೆತ ಅಥವಾ ಹಿಂಬಾಲಿಸುವಿಕೆ ಅನುಭವಿಸಿದವರು ಲೆಸ್ಬಿಯನ್ನರಲ್ಲಿ ಶೇ 43.8, ಉಭಯಲಿಂಗಪ್ರೇಮಿ ಮಹಿಳೆಯರಲ್ಲಿ ಶೇ 61.1, ಭಿನ್ನಲಿಂಗಪ್ರೇಮಿ ಮಹಿಳೆಯರಲ್ಲಿ ಶೇ 35. ಈ ಸಂಖ್ಯೆಗಳನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ಅಲ್ಲದೆ ಆ ಹಿಂಸೆ ಎಸಗಿದವರೆಲ್ಲ ಸಲಿಂಗ ಸಂಗಾತಿಗಳೆಂದೂ ಅರ್ಥವಲ್ಲ. ಉಭಯಲಿಂಗಪ್ರೇಮಿ ಮಹಿಳೆಯರನ್ನು ಹಿಂಸಿಸಿದವರಲ್ಲಿ ಹೆಚ್ಚಿನವರು ಗಂಡಸರು.

ಕಾನೂನಿನ ಚೌಕಟ್ಟು

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ (2005) ಈ ಕ್ಷೇತ್ರದ ಬುನಾದಿ. ಇದು ವಿವಾಹಿತೆಯರಿಗಷ್ಟೇ ಎಂಬ ತಪ್ಪು ತಿಳಿವಳಿಕೆ ಅಧಿಕಾರಿಗಳಲ್ಲೂ ಇದೆ. ಕಾಯ್ದೆ ಹೇಳುವ 'ಕೌಟುಂಬಿಕ ಸಂಬಂಧ'ದಲ್ಲಿ ರಕ್ತಸಂಬಂಧ, ದತ್ತು, ಅವಿಭಕ್ತ ಕುಟುಂಬ ಎಲ್ಲವೂ ಸೇರಿವೆ. ಅಂದರೆ ಮಗಳು ಅಪ್ಪನ ಮೇಲೆ, ತಂಗಿ ಅಣ್ಣನ ಮೇಲೆ ಅರ್ಜಿ ಹಾಕಬಹುದು. ತಾಯಿ ಅಥವಾ ಅಕ್ಕ ಹಿಂಸಿಸಿದರೆ ಏನು ಎಂಬ ತೊಡಕಿತ್ತು, ಏಕೆಂದರೆ ಪ್ರತಿವಾದಿ 'ವಯಸ್ಕ ಪುರುಷ'ನಾಗಿರಬೇಕೆಂದು 2(ಕ್ಯೂ) ಕಲಮು ಹೇಳುತ್ತಿತ್ತು. ಆ ಎರಡು ಪದಗಳನ್ನು ಸುಪ್ರೀಂ ಕೋರ್ಟ್ 2016ರ ಅಕ್ಟೋಬರಿನಲ್ಲಿ ಹಿರಲ್ ಹರ್ಸೋರಾ ಪ್ರಕರಣದಲ್ಲಿ ತೆಗೆದುಹಾಕಿತು. ಲೆಸ್ಬಿಯನ್ ಯುವತಿಯರ ಮಟ್ಟಿಗೆ ಇದು ಸದ್ದಿಲ್ಲದೆ ಬಂದ ದೊಡ್ಡ ಬದಲಾವಣೆ ಎನ್ನಬಹುದು.

ಇದೇ ಕಾಯ್ದೆಯ 2006ರ ನಿಯಮಗಳಿಗೆ ಲಗತ್ತಾಗಿರುವ ಮೊದಲನೇ ನಮೂನೆಯನ್ನು, ಅಂದರೆ ಕೌಟುಂಬಿಕ ಘಟನಾ ವರದಿಯನ್ನು (ಡಿಐಆರ್), ಒಮ್ಮೆ ಸಾವಧಾನವಾಗಿ ಓದಬೇಕು. ಮಾತಿನ ಮತ್ತು ಭಾವನಾತ್ಮಕ ಹಿಂಸೆಯ ಪಟ್ಟಿಯಲ್ಲಿ ವರದಕ್ಷಿಣೆಯ ಮೂದಲಿಕೆ, ಗಂಡುಮಗು ಹೆರಲಿಲ್ಲವೆಂಬ ಹೀಯಾಳಿಕೆಗಳ ಜೊತೆಗೇ ಇವೂ ಇವೆ: ಮನೆಯಿಂದ ಹೊರಹೋಗದಂತೆ ತಡೆಯುವುದು, ನಿರ್ದಿಷ್ಟ ವ್ಯಕ್ತಿಯನ್ನು ಭೇಟಿಯಾಗದಂತೆ ತಡೆಯುವುದು, ಕೆಲಸಕ್ಕೆ ಸೇರದಂತೆ ಮಾಡುವುದು, ಇಷ್ಟವಿಲ್ಲದ ಮದುವೆಗೆ ಬಲವಂತಪಡಿಸುವುದು. ಹೆಣ್ಣನ್ನು ಪ್ರೀತಿಸಿದ ಕಾರಣಕ್ಕೆ ಕೂಡಿಹಾಕಲ್ಪಟ್ಟ ಮಗಳ ಕಥೆ ಹೆಚ್ಚುಕಡಿಮೆ ಪೂರ್ತಿಯಾಗಿ ಈ ನಮೂನೆಯಲ್ಲಿ ಹಿಡಿಸುತ್ತದೆ. ಅವಳು ಯಾರನ್ನು ಪ್ರೀತಿಸಿದಳೆಂದು ನಮೂನೆ ಕೇಳುವುದಿಲ್ಲ, ಅಧಿಕಾರಿಯೂ ಕೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಮೇಲಿದೆ. ಅಂಗನವಾಡಿಗಳ ಮೇಲುಸ್ತುವಾರಿಯ ನಡುವೆ ಈ ಕೆಲಸಕ್ಕೆ ಸಿಗುವ ಪುರಸೊತ್ತು ಎಷ್ಟೆಂಬುದು ಬೇರೆ ಮಾತು.

ಅದೇ ನಿಯಮಗಳ 16ನೇ ನಿಯಮ ಇನ್ನೂ ಮುಖ್ಯ. ಡಿಐಆರ್ ಸಲ್ಲಿಸಿಲ್ಲ ಎಂಬ ಕಾರಣಕ್ಕೆ ಆಶ್ರಯ ನಿರಾಕರಿಸುವಂತಿಲ್ಲ. ನೊಂದವಳು ಬಯಸಿದರೆ, ಅವಳು ಅಲ್ಲಿರುವುದನ್ನು ಹೊರಗೆಡಹುವಂತಿಲ್ಲ, ದೂರು ಯಾರ ಮೇಲಿದೆಯೋ ಅವರಿಗೆ ತಿಳಿಸುವಂತಿಲ್ಲ. ಈ ಲೇಖನದಲ್ಲಿ ಚರ್ಚಿಸುವ ಸುರಕ್ಷತೆಯ ಅರ್ಧಪಾಲು ಈ ಒಂದು ನಿಯಮವನ್ನು ಪಾಲಿಸಿದರೆ ಸಿಕ್ಕಿಬಿಡುತ್ತದೆ.

ಸಂಗಾತಿಯೇ ಹಿಂಸಿಸಿದಾಗ ಮಾತ್ರ ಕಾಯ್ದೆ ಕೈಕೊಡುತ್ತದೆ. 'ಮದುವೆಯ ಸ್ವರೂಪದ ಸಂಬಂಧ' ಎನ್ನಿಸಿಕೊಳ್ಳಲು ಇಬ್ಬರೂ ಕಾನೂನುಬದ್ಧವಾಗಿ ಮದುವೆಯಾಗಲು ಅರ್ಹರಿರಬೇಕು ಎಂದು ಸುಪ್ರೀಂ ಕೋರ್ಟ್ 2010ರ ವೇಲುಸ್ವಾಮಿ ತೀರ್ಪಿನಲ್ಲಿ ಹೇಳಿತು. 2013ರ ಇಂದ್ರಾ ಶರ್ಮಾ ತೀರ್ಪು ಸಲಿಂಗ ಸಂಬಂಧವನ್ನು ಈ ಕಾಯ್ದೆ ಗುರುತಿಸುವುದಿಲ್ಲವೆಂದು ಹೆಸರಿಸಿಯೇ ಬರೆಯಿತು. ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಹುಟ್ಟಿ ಕರ್ನಾಟಕ ಹೈಕೋರ್ಟನ್ನು ದಾಟಿ ಹೋದ ಆ ಮೊಕದ್ದಮೆಯ ಕಕ್ಷಿದಾರರು ಗಂಡು, ಹೆಣ್ಣು. ಸಲಿಂಗ ಸಂಬಂಧಕ್ಕೂ ಅದಕ್ಕೂ ನಂಟಿರಲಿಲ್ಲ. ವಾಕ್ಯವಂತೂ ಉಳಿದುಕೊಂಡಿತು.

ಟ್ರಾನ್ಸ್ ಮಹಿಳೆಯರ ವಿಷಯದಲ್ಲಿ ನ್ಯಾಯಾಲಯಗಳು ಸ್ವಲ್ಪ ಮುಂದೆ ಹೋಗಿವೆ. ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟ್ರಾನ್ಸ್ ಮಹಿಳೆ ಈ ಕಾಯ್ದೆಯಡಿ ಅರ್ಜಿ ಹಾಕಬಹುದೆಂದು ಬಾಂಬೆ ಹೈಕೋರ್ಟ್ 2023ರ ಮಾರ್ಚಿನಲ್ಲಿ ಹೇಳಿತು. ಟ್ರಾನ್ಸ್ ಪುರುಷನ ಪಾಡು ವಿಚಿತ್ರ. ರಕ್ಷಣೆ ಬೇಕಿದ್ದರೆ ಅವನು ತಾನು ಹೆಣ್ಣೆಂದು ಬರೆದುಕೊಡಬೇಕು. ದಾಖಲೆಗಳಲ್ಲಿ ಗಂಡೆಂದು ಬದಲಾಯಿಸಿಕೊಂಡರೆ ಕಾಯ್ದೆಯ ನೆರಳು ತಪ್ಪುತ್ತದೆ. ಗೇ ಪುರುಷರಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ, ಮೂಲ ರೂಪದಲ್ಲಿ, ಮನೆಯಲ್ಲಿ ವಾಸಿಸುವ ಹಕ್ಕನ್ನು ಹೇಳಿ, ಮನೆಯಿಂದ ಹೊರದಬ್ಬುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಮನೆಯಲ್ಲಿ ಇರಲಾರದೆ ತಾವಾಗಿ ಹೊರಬಂದವರಿಗೆ ಅದು ಕೊಟ್ಟದ್ದು ಕಡಿಮೆ.

ನಾಪತ್ತೆ ದೂರು

ಇಬ್ಬರು ಯುವತಿಯರು ಊರು ಬಿಟ್ಟರೆ ಮರುದಿನವೇ ಠಾಣೆಯಲ್ಲಿ ನಾಪತ್ತೆ ದೂರು ದಾಖಲಾಗುತ್ತದೆ. ಎಷ್ಟೋ ಸಲ ಜೊತೆಗಿದ್ದವಳ ಮೇಲೆ ಅಪಹರಣದ ಅಥವಾ ಕಳ್ಳತನದ ಆರೋಪವೂ ಸೇರುತ್ತದೆ. ಪೊಲೀಸರು ಹುಡುಕಿ ಕರೆತಂದು, ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡು ಹೆತ್ತವರ ಕೈಗೊಪ್ಪಿಸುವುದು ಹಳೆಯ ಪದ್ಧತಿ. ಇಬ್ಬರೂ ವಯಸ್ಕರೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದು ಅಪರೂಪ.

ಮದುರೆಯಿಂದ ಚೆನ್ನೈಗೆ ಓಡಿಬಂದ ಇಂಥ ಜೋಡಿಯೊಂದರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರ ಜೂನ್ 7ರಂದು ಕೊಟ್ಟ ಆದೇಶ ಒಂದು ತಿರುವು. ತಮಗೆ ಈ ವಿಷಯದ ತಿಳಿವಳಿಕೆ ಸಾಲದೆಂದು ಒಪ್ಪಿಕೊಂಡ ನ್ಯಾಯಮೂರ್ತಿಗಳು ತೀರ್ಪಿಗೆ ಮುನ್ನ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕೂತು ಕಲಿತರು. ನಾಪತ್ತೆಯಾದವರು ವಯಸ್ಕರು, ಸ್ವಇಚ್ಛೆಯಿಂದ ಹೋದವರು ಎಂದು ಗೊತ್ತಾದರೆ ಪೊಲೀಸರು ಹೇಳಿಕೆ ಪಡೆದು, ಕಿರುಕುಳ ಕೊಡದೆ ದೂರನ್ನು ಮುಕ್ತಾಯಗೊಳಿಸಬೇಕು; ಈಗಿರುವ ಅಲ್ಪಾವಧಿ ತಂಗುದಾಣಗಳನ್ನೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಆಶ್ರಯತಾಣಗಳಾದ ಗರಿಮಾ ಗೃಹಗಳನ್ನೂ ಈ ಸಮುದಾಯದ ಎಲ್ಲರಿಗೂ ಒದಗುವಂತೆ ಬದಲಿಸಬೇಕು ಎಂದು ಆದೇಶ ಹೇಳಿತು. ಲೈಂಗಿಕ ಒಲವನ್ನು 'ಗುಣಪಡಿಸುವ' ಚಿಕಿತ್ಸೆಗೂ ತಡೆ ಬಿತ್ತು. ಅದೇ ಮೊಕದ್ದಮೆಯ ಮುಂದುವರಿಕೆಯಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು.

ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು, ಕೇರಳದಿಂದ ಬಂದ ದೇವು ಜಿ. ನಾಯರ್ ಪ್ರಕರಣದಲ್ಲಿ, ಎಲ್ಲ ನ್ಯಾಯಾಲಯಗಳಿಗೂ ಮಾರ್ಗಸೂಚಿ ಕೊಟ್ಟಿತು. ಹೇಬಿಯಸ್ ಕಾರ್ಪಸ್ (ಅಕ್ರಮ ಬಂಧನದಲ್ಲಿರುವವರನ್ನು ಹಾಜರುಪಡಿಸುವ) ಮತ್ತು ಪೊಲೀಸ್ ರಕ್ಷಣೆಯ ಅರ್ಜಿಗಳಿಗೆ ಆದ್ಯತೆ. ಸಂಬಂಧದ ಸ್ವರೂಪವನ್ನು ಕೆದಕದಿರುವುದು. ವ್ಯಕ್ತಿಯ ಜೊತೆ ಮಾತಾಡುವಾಗ ಮನೆಯವರು ಅಲ್ಲಿರದಂತೆ ನೋಡಿಕೊಳ್ಳುವುದು. ಮನಸ್ಸು ಬದಲಿಸುವ ಕೌನ್ಸೆಲಿಂಗಿಗೆ ಕಳಿಸದಿರುವುದು. ಇವು ನ್ಯಾಯಾಧೀಶರಿಗೆ ಹೇಳಿದ ಮಾತುಗಳಾದರೂ ಆಶ್ರಯ ಕೇಂದ್ರದ ಮೇಲ್ವಿಚಾರಕಿಯ ಮೇಜಿನ ಮೇಲೂ ಇರಬೇಕಾದವು.

ತಂಗುವ ತಾಣಗಳು

2015ರಲ್ಲಿ ಆರಂಭವಾದ ಸಖಿ ಕೇಂದ್ರಗಳದು ತಾತ್ಕಾಲಿಕವಾಗಿ ಐದು ದಿನದವರೆಗೆ ಜಾಗ ಕೊಡುವ ಯೋಜನೆ. ಅವು ಮತ್ತು ಸ್ವಾಧಾರ ಗೃಹಗಳು (2022ರ ನಂತರ ಶಕ್ತಿ ಸದನ) ಮಹಿಳೆಯರಿಗಾಗಿ ಇರುವಂಥವು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗಾಗಿ ಕೇಂದ್ರ ಸರ್ಕಾರ ತೆರೆದ ಗರಿಮಾ ಗೃಹಗಳಲ್ಲಿ ಮೊದಲನೆಯದು ವಡೋದರಾದಲ್ಲಿ 2020ರ ನವೆಂಬರ್ 25ರಂದು ಶುರುವಾಯಿತು. ಅದನ್ನು ಉದ್ಘಾಟಿಸಿದ ಅಂದಿನ ಸಾಮಾಜಿಕ ನ್ಯಾಯ ಸಚಿವ ಥಾವರ್‌ಚಂದ್ ಗೆಹಲೋತ್ ಮುಂದೆ ಕರ್ನಾಟಕದ ರಾಜ್ಯಪಾಲರಾದರು. ಆದರೆ ಮೊದಲ 12 ಗೃಹಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ.

ಸರ್ಕಾರಕ್ಕಿಂತಲೂ ಮೊದಲಿನಿಂದ ಆಸರೆ ಕೊಟ್ಟವುಗಳಲ್ಲಿ ಬೆಂಗಳೂರಿನ ಹಮಾಮ್‌ಗಳನ್ನು ಹೆಸರಿಸಲೇಬೇಕು. ಹಿಜ್ರಾ ಗುರುಗಳು ನಡೆಸುವ ಈ ಸ್ನಾನದ ಮನೆಗಳು ಊರು ಬಿಟ್ಟುಬಂದ ಎಷ್ಟೋ ಟ್ರಾನ್ಸ್ ಮಹಿಳೆಯರಿಗೆ ಮೊದಲ ಸೂರು. ಗುರು–ಚೇಲಾ ಸಂಬಂಧದೊಳಗೆ ಸಾಲ, ಜುಲ್ಮಾನೆ, ಹೊಡೆತ ಕಂಡದ್ದೂ ಉಂಟು. ಅದೂ ಒಂದು ಮನೆಯೇ, ಆದರೆ ಯಾವ ಕೌಟುಂಬಿಕ ಕಾಯ್ದೆಯೂ ಅದನ್ನು ಮನೆಯೆಂದು ಕಾಣುವುದಿಲ್ಲ. ಟ್ರಾನ್ಸ್ ಪುರುಷರಿಗೆ ಇಂಥ ಹಳೆಯ ವ್ಯವಸ್ಥೆಯೂ ಇಲ್ಲ. 1999ರಲ್ಲಿ ಶುರುವಾದ ಬೆಂಗಳೂರಿನ ಸಂಗಮ ಸಂಸ್ಥೆ, ಲೆಸ್‌ಬಿಟ್ ಗುಂಪು, ಕೇರಳದ ಸಹಯಾತ್ರಿಕ ಈ ಕೊರತೆಯನ್ನು ತುಂಬಲು ಹೆಣಗಿದವು.

ಕೇಂದ್ರದೊಳಗಿನ ಕ್ರಮಗಳು

ದಾಖಲಾತಿ ಪುಸ್ತಕದಲ್ಲಿ 'ತಂದೆ/ಗಂಡನ ಹೆಸರು' ಎಂಬ ಕಲಂ ತುಂಬಿಸಿದ ಕೂಡಲೇ ಮುಂದಿನ ಹೆಜ್ಜೆ ಆ ತಂದೆಗೆ ಫೋನು ಮಾಡುವುದಾಗಿರುತ್ತದೆ. ಆ ಕರೆ ಹೋಗಬಾರದು. 'ಅವಳ ಗೆಳತಿ ಮಾತಾಡ್ತಿರೋದು, ಅಲ್ಲಿದಾಳಾ?' ಎಂದು ಬರುವ ಕರೆಗೆ, ಇದ್ದರೂ ಇಲ್ಲದಿದ್ದರೂ, ಒಂದೇ ಉತ್ತರ ಇರಬೇಕು: ಇಲ್ಲಿ ಯಾರಿದ್ದಾರೆಂದು ನಾವು ಹೇಳುವುದಿಲ್ಲ. ಆಧಾರ್‌ನಲ್ಲಿರುವ ಹೆಸರು ಕಡತಕ್ಕೆ, ಕರೆಯುವುದು ಅವರು ಹೇಳಿಕೊಂಡ ಹೆಸರಿನಿಂದ. ಟ್ರಾನ್ಸ್ ಪುರುಷನಿಗೆ ಚೂಡಿದಾರ್ ತೊಡಿಸುವ, ಹಾರ್ಮೋನ್ ಔಷಧಿ ತೆಗೆದಿಟ್ಟುಕೊಳ್ಳುವ, ಜೋಡಿಯಾಗಿ ಬಂದವರನ್ನು ಬೇರೆ ಬೇರೆ ಜಿಲ್ಲೆಗೆ ಕಳಿಸುವ ರೂಢಿಗಳನ್ನು ನಿಯಮವೇನೂ ಕೇಳಿಲ್ಲ; ಅವು ಅಭ್ಯಾಸಬಲದಿಂದ ನಡೆಯುವಂಥವು.

ಹೆಚ್ಚು ಪರಿಣತಿ ಬೇಡುವುದು ಸಂಗಾತಿಗಳ ನಡುವಿನ ಹಿಂಸೆಯಲ್ಲಿ ಹಿಂಸೆಗೆ ಒಳಗಾದವರು ಯಾರೆಂದು ಗುರುತಿಸುವ ಕೆಲಸ. 1984ರಲ್ಲಿ ಅಮೆರಿಕದ ಡುಲುತ್‌ನಲ್ಲಿ ರೂಪುಗೊಂಡ 'ಅಧಿಕಾರ ಮತ್ತು ಹಿಡಿತದ ಚಕ್ರ' ಹಿಂಸಿಸುವವನು ಗಂಡಸೆಂದೇ ಹಿಡಿದು ಹೊರಟಿತ್ತು. ಇಬ್ಬರೂ ಹೆಂಗಸರಾದಾಗ, ಇಬ್ಬರೂ 'ನನಗೆ ಹೊಡೆದಳು' ಎಂದಾಗ ಅದು ಸಾಲದಾಯಿತು. ಗಂಡಸಿನ ಹಾಗೆ ಉಡುವವಳೇ ಹೊಡೆದವಳು ಎಂಬ ಊಹೆಯಿಂದ ಅನ್ಯಾಯಗಳಾದವು. ಸಿಯಾಟಲ್‌ನ ನಾರ್ತ್‌ವೆಸ್ಟ್ ನೆಟ್‌ವರ್ಕ್, ಬಾಸ್ಟನ್‌ನ ನೆಟ್‌ವರ್ಕ್ ಲಾ ರೆಡ್ ಸಂಸ್ಥೆಗಳು 1980ರ ದಶಕದ ಕೊನೆಯಿಂದ ಬೆಳೆಸಿದ ವಿಧಾನದಲ್ಲಿ ಯಾರು ಕೈ ಎತ್ತಿದರು ಎಂಬ ಪ್ರಶ್ನೆಗೆ ಎರಡನೇ ಸ್ಥಾನ. ಯಾವ ಸಂದರ್ಭದಲ್ಲಿ, ಏನನ್ನು ಸಾಧಿಸಲು, ಅದರ ಪರಿಣಾಮವಾಗಿ ಯಾರ ಬದುಕು ಕಿರಿದಾಯಿತು ಎಂಬುದನ್ನು ಕೇಳಲಾಗುತ್ತದೆ. ಯಾರು ಯಾರಿಗೆ ಹೆದರುತ್ತಾರೆ, ಸಂಬಳ ಯಾರ ಕೈಯಲ್ಲಿದೆ, ಜಗಳದ ಮರುದಿನ ಯಾರು ಏನನ್ನು ಬಿಟ್ಟುಕೊಟ್ಟರು ಎಂಬ ಪ್ರಶ್ನೆಗಳು ಇದರಿಂದ ಹುಟ್ಟುತ್ತವೆ. ಹೊಡೆತ ತಡೆಯಲು ತಿರುಗಿ ಹೊಡೆದವರೇ ಹೆಚ್ಚು ಪಾಪಪ್ರಜ್ಞೆಯಿಂದ ತಪ್ಪೊಪ್ಪಿಕೊಳ್ಳುವುದೂ, ಹಿಡಿತ ಸಾಧಿಸಿದವರು ತಾವೇ ನೊಂದವರೆಂದು ನಿಸ್ಸಂಕೋಚವಾಗಿ ಹೇಳುವುದೂ ಸಾಮಾನ್ಯ. ಇಬ್ಬರಿಗೂ ಒಂದೇ ಕೇಂದ್ರದಲ್ಲಿ ಜಾಗ ಕೊಟ್ಟುಬಿಡುವ ಅಪಾಯ ಇಲ್ಲಿದೆ, ಏಕೆಂದರೆ ಮಹಿಳಾ ಕೇಂದ್ರದ ಬಾಗಿಲು ಇಬ್ಬರಿಗೂ ತೆರೆದಿರುತ್ತದೆ. ಭಾರತದಲ್ಲಿ ಈ ವಿಧಾನಕ್ಕೆ ಒಂದು ಸೇರ್ಪಡೆ ಬೇಕು: 'ನಿಮ್ಮ ಮನೆಗೆ ಫೋನ್ ಮಾಡಿ ಹೇಳ್ತೀನಿ ಅಂತ ಅವರು ಯಾವತ್ತಾದರೂ ಅಂದಿದ್ದುಂಟಾ?' ಮನೆಯವರ ಹಿಂಸೆಯೇ ಸಂಗಾತಿಯ ಕೈಯಲ್ಲಿ ಆಯುಧವಾಗುವುದು ಇಲ್ಲಿ.

ಹೊರಬಂದ ಮೇಲೆ

ಬಾಡಿಗೆ ಮನೆ, ಕೆಲಸ, ಹೊಸ ಸಿಮ್ ಕಾರ್ಡು ಹೇಗೋ ಹೊಂದುತ್ತವೆ. ಹೆಚ್ಚು ಕಾಡುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರದಂಥ, ಮನೆಯ ಬೀರುವಿನಲ್ಲಿ ಉಳಿದುಹೋದ ಕಾಗದಗಳು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಕಲಮಿನಡಿ ನೊಂದವಳ ಸ್ವತ್ತನ್ನು ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು; ಅಂಕಪಟ್ಟಿಗಾಗಿ ಅದನ್ನು ಬಳಸುವ ವಕೀಲರು ಕಡಿಮೆ. ನಕಲು ಪ್ರತಿ ಪಡೆಯಲು ಅರ್ಜಿ ಸಾಮಾನ್ಯವಾಗಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಹೋಗಬೇಕು. ಸಣ್ಣ ಊರಿನಲ್ಲಿ ಆ ಮೇಷ್ಟ್ರು ಅಪ್ಪನಿಗೆ ಗೊತ್ತಿರುವವರೇ ಆಗಿರುತ್ತಾರೆ. ಹೀಗಾಗಿ ಅನುಭವಿ ಕಾರ್ಯಕರ್ತರು ಅರ್ಜಿಯಲ್ಲಿ ಈಗಿನ ವಿಳಾಸ ಬರೆಸದೆ, ವಕೀಲರ ಅಥವಾ ಸಂಸ್ಥೆಯ ವಿಳಾಸ ಕೊಡಿಸುತ್ತಾರೆ.