ಗುಡ್ಡೆಯಿಂದ ತಕ್ಕಡಿಗೆ: ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಮಾಂಸ ಖರೀದಿಯ ಚರಿತ್ರೆ

ಕರ್ನಾಟಕದ ಆಹಾರ ಚರಿತ್ರೆಯಲ್ಲಿ ಮಾಂಸದ ಅಡುಗೆಗೆ ದೊರೆತಷ್ಟು ಗಮನ ಅದರ ಖರೀದಿಗೆ ದೊರೆತಿಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಮನೆಯ ಮಾಂಸಭಕ್ಷ್ಯಗಳ ತಯಾರಿಯನ್ನು ವಿವರವಾಗಿ ಹೇಳುತ್ತದೆ. ಸಾಮಾನ್ಯ ಕುಟುಂಬವೊಂದು ಮಾಂಸವನ್ನು ಯಾರಿಂದ ಪಡೆಯುತ್ತಿತ್ತು, ಅವರನ್ನೇ ಏಕೆ ನಂಬುತ್ತಿತ್ತು ಎಂಬ ಪ್ರಶ್ನೆಗೆ ಇಂಥ ಗ್ರಂಥಗಳಲ್ಲಿ ಉತ್ತರವಿಲ್ಲ. ಅದಕ್ಕೆ ಹಬ್ಬ, ಸಂತೆ ಮತ್ತು ನಿತ್ಯದ ರೂಢಿಗಳನ್ನೇ ಆಕರವಾಗಿ ಓದಬೇಕಾಗುತ್ತದೆ.

ಈ ಆಯ್ಕೆಯನ್ನು ಬೆಲೆ ಮತ್ತು ದೂರಗಳ ಲೆಕ್ಕವೆಂದಷ್ಟೇ ತಿಳಿಯುವುದು ಅಸಮರ್ಪಕ. ಪ್ರಾಣಿ ಮಾಂಸವಾದೊಡನೆ ಅದರ ಗುರುತು ಅಳಿಯುತ್ತದೆ. ಅದು ಕುರಿಯೋ ಮೇಕೆಯೋ, ಎಳೆಯದೋ ಬಲಿತದ್ದೋ, ಕೊಯ್ದದ್ದೋ ತಾನಾಗಿ ಸತ್ತದ್ದೋ ಎಂಬುದನ್ನು ತುಂಡುಗಳು ಹೇಳುವುದಿಲ್ಲ. ಆದುದರಿಂದ ಕೊಳ್ಳುವವರಿಗೆ ಒಬ್ಬ ಸಾಕ್ಷಿ ಬೇಕು. ಮಾಂಸ ಖರೀದಿಯ ಚರಿತ್ರೆಯು ಮೂಲತಃ ಈ ಸಾಕ್ಷಿಯು ಬದಲಾಗುತ್ತ ಬಂದ ಚರಿತ್ರೆ.

ಮಂಡ್ಯ, ಮೈಸೂರು, ಹಾಸನ, ತುಮಕೂರು, ರಾಮನಗರ ಭಾಗಗಳ ಹಳ್ಳಿಗಳಲ್ಲಿ ಪ್ರಚಲಿತವಿರುವ ‘ಗುಡ್ಡೆ ಬಾಡು’ ಪದ್ಧತಿಯಲ್ಲಿ ಕೊಳ್ಳುವವರೇ ಸಾಕ್ಷಿಗಳು. ಯುಗಾದಿಯ ಮರುದಿನದ ವರ್ಷತೊಡಕು ಅಥವಾ ಹೊಸತೊಡಕು, ಪಿತೃಪಕ್ಷದ ಎಡೆ, ಊರಹಬ್ಬಗಳ ಸಂದರ್ಭದಲ್ಲಿ ಕೆಲವು ಮನೆಯವರು ಕೂಡಿ ಕುರಿಯನ್ನೋ ಹೋತವನ್ನೋ ಕೊಳ್ಳುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರಿನ ಕುರಿ ತಳಿಗೆ ಈ ಸೀಮೆಯಲ್ಲಿ ವಿಶೇಷ ಮನ್ನಣೆಯಿದೆ. ಬೆಳಗಿನ ಜಾವ ಕೊಯ್ದು, ಸುಲಿದು, ಕತ್ತರಿಸಿದ ಮಾಂಸವನ್ನು ಬಾಳೆಯೆಲೆ ಅಥವಾ ತೆಂಗಿನ ಗರಿಯ ಮೇಲೆ ಗುಡ್ಡೆಗಳಾಗಿ ಹಾಕಲಾಗುತ್ತದೆ. ಮೆತುವಾದ ಮಾಂಸ, ಮೂಳೆ, ಈಲಿ, ಬೋಟಿ ಇವೆಲ್ಲವೂ ಪ್ರತಿ ಗುಡ್ಡೆಗೂ ಸ್ವಲ್ಪ ಸ್ವಲ್ಪ ಬೀಳಬೇಕು. ಒಂದು ಗುಡ್ಡೆ ದೊಡ್ಡದಾಗಿ ಕಂಡರೆ ಅದರಿಂದ ಒಂದೆರಡು ತುಂಡು ತೆಗೆದು ಇನ್ನೊಂದಕ್ಕೆ ಸೇರಿಸುತ್ತಾರೆ. ಇಲ್ಲಿ ತಕ್ಕಡಿಯಿಲ್ಲ, ಸುತ್ತ ನಿಂತವರ ಕಣ್ಣೇ ಅಳತೆ. ಪ್ರಾಣಿಯ ಬೆಲೆಯನ್ನು ಗುಡ್ಡೆಗಳ ಸಂಖ್ಯೆಯಿಂದ ಭಾಗಿಸಿದರೆ ಪಾಲಿನ ಬೆಲೆ ದೊರೆಯುತ್ತದೆ.

ಈ ವ್ಯವಸ್ಥೆಯಲ್ಲಿ ಮನೆಯು ಅಂಗಡಿಯನ್ನು ಆರಿಸುತ್ತಿರಲಿಲ್ಲ, ಪಾಲುದಾರರನ್ನು ಆರಿಸುತ್ತಿತ್ತು. ಆದುದರಿಂದಲೇ ಅದರ ಸಮಾನತೆಗೆ ಮೇರೆಯೂ ಇತ್ತು. ಗುಡ್ಡೆಗಳು ಸಮವಾಗಿದ್ದರೂ ಗುಡ್ಡೆಯ ಸುತ್ತ ನಿಲ್ಲುವವರು ಸಾಮಾನ್ಯವಾಗಿ ಒಂದೇ ಬೀದಿಯ, ಒಂದೇ ಜಾತಿಯ ಅಥವಾ ನಂಟಸ್ತಿಕೆಯ ಜನ. ದಲಿತ ಕೇರಿಯ ಪಾಲು ಕೇರಿಯೊಳಗೇ ನಡೆಯುತ್ತಿತ್ತು. ಜಾನಪದ ಸಾಮರಸ್ಯದ ಉದಾಹರಣೆಯಾಗಿ ಗುಡ್ಡೆ ಬಾಡನ್ನು ಹೊಗಳುವಾಗ ಈ ಮೇರೆಯನ್ನು ಮರೆಯಲಾಗದು. ಇನ್ನೊಂದೆಡೆ, ಪ್ರಾಣಿಯನ್ನು ಕೊಯ್ಯಲು ಊರಿನ ಮುಸಲ್ಮಾನರನ್ನು ಕರೆಸುವ ರೂಢಿಯೂ ಕೆಲವು ಊರುಗಳಲ್ಲಿತ್ತು. ಹಾಗೆ ಕೊಯ್ಸಿದರೆ ಮುಸಲ್ಮಾನ ನೆರೆಯವರೂ ಉಣ್ಣಬಹುದು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಒಂದೇ ಪದ್ಧತಿಯು ಒಂದು ಕಡೆ ಗೆರೆ ಎಳೆಯುತ್ತ, ಮತ್ತೊಂದು ಕಡೆ ಗೆರೆ ದಾಟುತ್ತ ನಡೆದುಬಂದಿದೆ.

ಪಟ್ಟಣದಲ್ಲಿ ಕೊಳ್ಳುವವನು ಕೊಯ್ಯುವುದನ್ನು ಕಾಣಲಾರ. ಬೆಂಗಳೂರಿನ ದಂಡು ಪ್ರದೇಶದಲ್ಲಿ 1933ರಲ್ಲಿ ಉದ್ಘಾಟನೆಯಾದ ರಸೆಲ್ ಮಾರುಕಟ್ಟೆಯಂಥ ಕಟ್ಟಡಗಳು ಮಾಂಸ ಮಾರಾಟಕ್ಕೆ ನಿಗದಿತ ಸ್ಥಳ ಒದಗಿಸಿದವು. ನಗರಾಡಳಿತದ ಕಸಾಯಿಖಾನೆಯ ಮೊಹರು ಹೊಸ ಸಾಕ್ಷಿಯಾಯಿತು. ಆದರೆ ಗೃಹಸ್ಥರು ಮೊಹರನ್ನಷ್ಟೇ ನೆಚ್ಚಲಿಲ್ಲ. ತೂಗುಹಾಕಿದ ಪ್ರಾಣಿಯ ಬಾಲವನ್ನು ಸುಲಿಯದೆ ಉಳಿಸುವುದು ಅದು ಕುರಿಯೋ ಮೇಕೆಯೋ ಎಂಬುದಕ್ಕೆ ಗುರುತು. ಪಕ್ಕದಲ್ಲಿಟ್ಟ ತಲೆಯ ಹಲ್ಲುಗಳು ವಯಸ್ಸಿನ ಗುರುತು. ಇವನ್ನು ಓದಬಲ್ಲವರು ಓದಿದರು. ಉಳಿದವರು ಅಂಗಡಿಯವನ ಮುಖವನ್ನು ನಂಬಿದರು. ಒಂದೇ ಅಂಗಡಿಗೆ ತಲೆಮಾರುಗಟ್ಟಲೆ ಹೋಗುವ ವಾಡಿಕೆಯ ಬೇರು ಇಲ್ಲಿದೆ.

ತಕ್ಕಡಿಯು ಮತ್ತೊಂದು ವ್ಯತ್ಯಾಸವನ್ನು ತಂದಿತು. ಗುಡ್ಡೆಯಲ್ಲಿ ಎಲ್ಲ ಭಾಗವೂ ಎಲ್ಲರಿಗೆ. ತಕ್ಕಡಿಯಲ್ಲಿ ತೂಕ ಸಮನಾದರೂ ತುಂಡು ಸಮನಲ್ಲ. ತೊಡೆಯ ಭಾಗ ಯಾರಿಗೆ, ಮೂಳೆ ಯಾರಿಗೆ ಎಂಬುದನ್ನು ಪರಿಚಯ ನಿರ್ಧರಿಸುತ್ತದೆ. ಅಂಗಡಿಗೆ ಹೋಗುತ್ತಿದ್ದವರು ಬಹುಮಟ್ಟಿಗೆ ಗಂಡಸರು ಮತ್ತು ಹುಡುಗರು. ಆದರೆ ತಂದ ಬಾಡು ಬೇಯುವುದಕ್ಕೆ ಹಿಡಿದ ಹೊತ್ತು, ಅದರ ವಾಸನೆ, ಕೊಬ್ಬು, ಮೂಳೆಯ ಪ್ರಮಾಣಗಳನ್ನು ಅಳೆದವರು ಒಲೆಯ ಮುಂದಿನ ಹೆಂಗಸರು. ಅವರು ಒಪ್ಪದಿದ್ದರೆ ಮುಂದಿನ ವಾರ ಅಂಗಡಿ ಬದಲಾಗುತ್ತಿತ್ತು. ಕೊಳ್ಳುವ ಕೈ ಒಬ್ಬರದು, ಆರಿಸುವ ನಾಲಗೆ ಇನ್ನೊಬ್ಬರದು. ಖರೀದಿಯ ಸ್ಥಳದಲ್ಲಷ್ಟೇ ನಿಂತು ನೋಡುವ ಅಧ್ಯಯನಕ್ಕೆ ಈ ನಿರ್ಧಾರ ಕಾಣುವುದಿಲ್ಲ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಫಾರಂ ಕೋಳಿಯ ಅಂಗಡಿಗಳು ಸಣ್ಣ ಊರುಗಳಿಗೂ ಹಬ್ಬಿದವು. ಈ ವ್ಯಾಪಾರವು ಹೊಸದಾದರೂ ಅದರ ಕ್ರಮ ಹಳೆಯದು. ಪಂಜರದೊಳಗಿನ ಕೋಳಿಯನ್ನು ಗಿರಾಕಿಯೇ ತೋರಿಸುತ್ತಾನೆ. ಅವನ ಕಣ್ಣೆದುರೇ ಅದನ್ನು ಕೊಯ್ದು ಕೊಡಲಾಗುತ್ತದೆ. ಗುಡ್ಡೆಯ ಸುತ್ತ ನಿಂತು ನೋಡುತ್ತಿದ್ದ ಹಕ್ಕು ಇಲ್ಲಿ ಒಬ್ಬ ಗಿರಾಕಿಯ ಮಟ್ಟಿಗೆ ಮರಳಿ ದೊರೆತಿದೆ.

2022ರ ಯುಗಾದಿಯ ಮುನ್ನಾದಿನಗಳಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂದು ಕೆಲವು ಹಿಂದೂ ಸಂಘಟನೆಗಳು ಕರೆ ನೀಡಿದಾಗ ಈ ಮನೆಯೊಳಗಿನ ಆಯ್ಕೆಯು ಸಾರ್ವಜನಿಕ ವಾಗ್ವಾದದ ವಸ್ತುವಾಯಿತು. ಚರ್ಚೆಯು ಕೊಯ್ಯುವ ವಿಧಾನ ಹಾಗೂ ಧರ್ಮದ ಸುತ್ತ ನಡೆಯಿತು. ಆದರೆ ಗೃಹಸ್ಥರ ದೃಷ್ಟಿಯಿಂದ ನೋಡಿದರೆ ಅದು ಸಾಕ್ಷಿಯನ್ನು ಬದಲಿಸಬೇಕೆಂಬ ಒತ್ತಾಯವೂ ಆಗಿತ್ತು. ಕರ್ನಾಟಕದಲ್ಲಿ ಮಾಂಸ ವ್ಯಾಪಾರವು ಒಂದೇ ಧರ್ಮದವರ ಕಸುಬಲ್ಲ. ಕಟಿಕ ಸಮುದಾಯದವರೂ ಮುಸಲ್ಮಾನ ವ್ಯಾಪಾರಿಗಳೂ ಇದರಲ್ಲಿದ್ದಾರೆ. ಬಹುಕಾಲ ಅನೇಕ ಮನೆಗಳು ಕೇಳಿದ್ದು ‘ಯಾವ ಮತದವನು’ ಎಂಬುದಕ್ಕಿಂತ ‘ಎಂಥ ಮರಿ ಕೊಯ್ಯುತ್ತಾನೆ’ ಎಂಬ ಪ್ರಶ್ನೆಯನ್ನು. ಮೊದಲನೆಯ ಪ್ರಶ್ನೆಯು ಎರಡನೆಯದರ ಸ್ಥಾನವನ್ನು ಆಕ್ರಮಿಸಿದಾಗ ಮುರಿಯುವುದು ವ್ಯಾಪಾರವೊಂದೇ ಅಲ್ಲ. ವಾರ ವಾರವೂ ಪರೀಕ್ಷೆಗೆ ಒಳಗಾಗಿ ಗಟ್ಟಿಯಾದ ಪರಿಚಯವೂ ಮುರಿಯುತ್ತದೆ.

ಇಂದು ನಗರದ ಅನೇಕ ಮನೆಗಳಿಗೆ ಮಾಂಸವು ಮೊಬೈಲ್ ಮೂಲಕ, ತಣ್ಣನೆಯ ಪೊಟ್ಟಣದಲ್ಲಿ ಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ನೀಡುವ ಪರವಾನಗಿ ಸಂಖ್ಯೆ ಹಾಗೂ ದಿನಾಂಕ ಅಲ್ಲಿ ಸಾಕ್ಷಿ. ಶುಚಿತ್ವದ ದೃಷ್ಟಿಯಿಂದ ಇದರ ಲಾಭ ಸಣ್ಣದಲ್ಲ. ಮಾಂಸದಂಗಡಿಗೆ ಕಾಲಿಡಲು ಸಂಕೋಚಪಡುತ್ತಿದ್ದ ಹೆಂಗಸರು ಈಗ ತಾವೇ ನೇರವಾಗಿ ಕೊಳ್ಳಬಲ್ಲರು ಎಂಬುದೂ ಗಮನಾರ್ಹ. ಆದರೆ ಚೀಟಿಯನ್ನು ಓದಬಹುದೇ ಹೊರತು ಅದರೊಡನೆ ಜಗಳವಾಡಲಾಗದು. ವರ್ಷತೊಡಕಿನ ಮುಂಜಾನೆ ಅದೇ ನಗರದ ಜನ ಹಳೆಯ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು, ಊರಿಗೆ ತೆರಳಿ ಗುಡ್ಡೆಗೆ ಹೆಸರು ಕೊಡುವುದನ್ನು ಕೇವಲ ರುಚಿಯ ಹಂಬಲವೆನ್ನಲಾಗದು. ತಿನ್ನುವುದಕ್ಕೆ ಮುಂಚೆ ನೋಡಬೇಕು, ಕೇಳಬೇಕು, ತಪ್ಪಿದರೆ ಎದುರಿಗೇ ಹೇಳಬೇಕು ಎಂಬ ಹಳೆಯ ಹಕ್ಕಿನ ನೆನಪು ಅದರಲ್ಲಿ ಉಳಿದುಬಂದಿದೆ.